ಚಕಮಕಿಯೂ ಗೋಲೀಬಾರೂ

ಸಾಲುಗಟ್ಟಿ ನಿಂತ ಸೈನಿಕರು ಎಡೆಬಿಡದೆ ಗುಂಡು ಹಾರಿಸುವುದಕ್ಕೆ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ‘ಫ್ಯೂಸಿಲೇಡ್’ ಎಂಬ ಪದದ ವಂಶಾವಳಿಯನ್ನು ಅರಸುತ್ತ ಹೋದರೆ, ಕಡೆಗೆ ನಾವು ನಿಲ್ಲುವುದು ಗೃಹಸ್ಥನ ಒಲೆಯ ಮುಂದೆ. ಲ್ಯಾಟಿನ್ನಿನಲ್ಲಿ ‘ಫೋಕಸ್’ ಎಂದರೆ ಒಲೆ. ಆ ಮೂಲದಿಂದ ಹೊರಟ ಫ್ರೆಂಚಿನ ‘ಫ್ಯುಜಿ’ ಎಂಬುದು ಮೊದಲಿಗೆ ಕಲ್ಲಿಗೆ ಹೊಡೆದು ಕಿಡಿ ತೆಗೆಯುವ ಉಕ್ಕಿನ ತುಂಡಿನ ಹೆಸರಾಗಿದ್ದಿತು. ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ಮುಟ್ಟಿಸುತ್ತಿದ್ದ ಹಳೆಯ ಕೋವಿ ಹಿಂದೆ ಸರಿದು, ಕಲ್ಲು ಉಕ್ಕಿಗೆ ತಾಕಿದೊಡನೆ ತಾನೇ ಕಿಡಿಗೊಳ್ಳುವ ಕೋವಿ ಹದಿನೇಳನೆಯ ಶತಮಾನದಲ್ಲಿ ಬಳಕೆಗೆ ಬರಲು, ಆ ಉಕ್ಕಿನ ಹೆಸರೇ ಇಡೀ ಆಯುಧಕ್ಕೆ ಸಂದಿತು. ಅಂಥ ಕೋವಿಗಳ ಸಾಮೂಹಿಕ ಪ್ರಯೋಗವೇ ಫ್ಯೂಸಿಲೇಡ್.

ಈ ಪದಕ್ಕೆ ರಕ್ತದ ಕಲೆ ಹತ್ತಿದ್ದು ಫ್ರಾನ್ಸಿನ ಲಿಯೊನ್ ನಗರದಲ್ಲಿ. ಮಹಾಕ್ರಾಂತಿಯ ಕಾಲದಲ್ಲಿ, 1793ರ ಮೇ ತಿಂಗಳಲ್ಲಿ, ಆ ನಗರ ಉಗ್ರ ಕ್ರಾಂತಿವಾದಿಗಳಾದ ತನ್ನ ಜಾಕೊಬಿನ್ ಅಧಿಕಾರಿಗಳನ್ನು ಕೆಳಗಿಳಿಸಿ, ಮುತ್ತಿಗೆಗೆ ಗುರಿಯಾಗಿ, ಅಕ್ಟೋಬರಿನಲ್ಲಿ ಸೋತು ಶರಣಾಯಿತು. ಲಿಯೊನ್ ಎಂಬ ಹೆಸರೇ ಅಳಿಯತಕ್ಕದ್ದೆಂದು ಪ್ಯಾರಿಸಿನ ಮಹಾಸಭೆ ಶಾಸನ ಮಾಡಿತು. ಅಲ್ಲಿಂದ ಬಂದ ಕೊಲೊ ದೆರ್ಬ್ವಾ ಮತ್ತು ಫೂಶೆ ಎಂಬ ಪ್ರತಿನಿಧಿಗಳಿಗೆ ತಲೆ ಕಡಿಯುವ ಗಿಲೊಟಿನ್ ಯಂತ್ರದ ವೇಗ ಸಾಲದೆನಿಸಿತು. ಡಿಸೆಂಬರ್ 4ರಂದು ರೋನ್ ನದಿಯಾಚೆಯ ಬ್ರೊತೊ ಬಯಲಿನಲ್ಲಿ ಸುಮಾರು 60 ಮಂದಿಯನ್ನು ಹಗ್ಗದಿಂದ ಒಟ್ಟಿಗೆ ಬಿಗಿದು, ಚೂರುಗುಂಡು ತುಂಬಿದ ಫಿರಂಗಿಗಳನ್ನು ಅವರ ಮೇಲೆ ಹಾರಿಸಿದರು. ಅನೇಕರು ಕೂಡಲೇ ಸಾಯಲಿಲ್ಲ. ಉಳಿದದ್ದನ್ನು ಸೈನಿಕರ ಕತ್ತಿಗಳು ಮುಗಿಸಬೇಕಾಯಿತು. ಮರುದಿನ ಅದೇ ಬಯಲಿಗೆ 200ಕ್ಕೂ ಹೆಚ್ಚು ಜನರನ್ನು ತಂದರು. ಆ ಚಳಿಗಾಲ ಕಳೆದು ವಸಂತ ಬರುವ ವೇಳೆಗೆ, ಗಿಲೊಟಿನ್ನಿಗೂ ಗುಂಡಿಗೂ ಬಲಿಯಾದವರು ಒಟ್ಟು 1,800ಕ್ಕೂ ಮೇಲ್ಪಟ್ಟಿದ್ದರು. ಹೀಗೆ ಯುದ್ಧದ ಗುಂಡಿನ ದಾಳಿಗೂ, ಕಟ್ಟುಬಿದ್ದವರ ಸಾಮೂಹಿಕ ವಧೆಗೂ ಫ್ರೆಂಚರಲ್ಲಿ ಒಂದೇ ಪದ ಸಲ್ಲುವಂತಾಯಿತು.

ನಮ್ಮ ಪತ್ರಿಕೆಗಳು ಸಲೀಸಾಗಿ ಬಳಸುವ ‘ಗುಂಡಿನ ಚಕಮಕಿ’ಯ ಹುಟ್ಟು ಇದಕ್ಕೆ ಆಶ್ಚರ್ಯಕರವಾಗಿ ಸದೃಶವಾದದ್ದು. ತುರ್ಕಿಯ ಮೂಲದಿಂದ ಹಿಂದೂಸ್ತಾನಿಯ ಮಾರ್ಗವಾಗಿ ಕನ್ನಡಕ್ಕಿಳಿದ ಚಕಮಕಿಯೂ ಕಿಡಿ ಹೊಮ್ಮಿಸುವ ಸಾಧನವೇ. ಆದರೆ ನಮ್ಮ ಪದ ಬೇರೊಂದು ದಾರಿ ಹಿಡಿಯಿತು: ಕಲ್ಲೂ ಉಕ್ಕೂ ಒಂದನ್ನೊಂದು ತಾಕದೆ ಕಿಡಿಯಿಲ್ಲವಾದ್ದರಿಂದ, ಚಕಮಕಿಯೆನ್ನಲು ಎರಡು ಪಕ್ಷಗಳೂ ಗುಂಡು ಹಾರಿಸುತ್ತಿರಬೇಕು. ನಿರಾಯುಧರ ಮೇಲೆ ಸರ್ಕಾರ ಹಾರಿಸುವ ಗುಂಡಿಗೆ ಕನ್ನಡಿಗನ ಬಾಯಲ್ಲಿ ‘ಗೋಲೀಬಾರು’ ಎಂಬ ಬೇರೆ ಮಾತೇ ಉಂಟು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದುದನ್ನು ಯಾರೂ ಚಕಮಕಿ ಎನ್ನಲಿಲ್ಲ.

ಈ ವಿವೇಚನೆ ನಮ್ಮ ಭಾಷೆಯ ಒಂದು ಸಂಪತ್ತೆಂದು ನಾನು ಭಾವಿಸುತ್ತೇನೆ. ಚರಿತ್ರೆಯನ್ನು ಕನ್ನಡಿಸುವವರು ಫ್ಯೂಸಿಲೇಡ್ ಎಂಬಲ್ಲೆಲ್ಲ ಚಕಮಕಿಯೆಂದು ಬರೆದುಬಿಡಬಾರದು. ಎದುರಿಗಿದ್ದವರ ಕೈಯಲ್ಲಿ ಕೋವಿಯಿತ್ತೇ ಎಂಬುದನ್ನು ಮೊದಲು ವಿಚಾರಿಸಬೇಕು.