ಗಣಿಯ ಹಕ್ಕಿಯಿಂದ ಜೇಬಿನ ಯಂತ್ರಕ್ಕೆ

ಬಹುಕಾಲ ಬಳಸದೆ ಬಿಟ್ಟ ಬಾವಿಗೆ ಇಳಿಯುವ ಮುನ್ನ ಹಗ್ಗದ ತುದಿಗೆ ದೀಪ ಕಟ್ಟಿ ಕೆಳಗೆ ಬಿಡುವ ರೂಢಿಯನ್ನು ನೀವು ಹಿರಿಯರಿಂದ ಕೇಳಿರಬಹುದು. ದೀಪ ಆರಿದರೆ ಮನುಷ್ಯ ಇಳಿಯಕೂಡದು. ಉಪಾಯವೇನೋ ಒಳ್ಳೆಯದೇ. ಆದರೆ ದೀಪವು ಎಲ್ಲ ಅನಿಲಗಳ ಸುದ್ದಿಯನ್ನೂ ಹೇಳಲಾರದು. ಈ ಪಾಠವನ್ನು ಕಲಿಯಲು ಕಲ್ಲಿದ್ದಲ ಗಣಿಗಾರರು ತೆತ್ತ ಬೆಲೆ ದೊಡ್ಡದು.

1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಅನಿಲ ಸ್ಫೋಟವಾಗಿ 92 ಮಂದಿ ಮಡಿದರು. 1815ರಲ್ಲಿ ಸರ್ ಹಂಫ್ರಿ ಡೇವಿಯು ಜ್ವಾಲೆಯ ಸುತ್ತ ತಂತಿಬಲೆ ಹೊದಿಸಿ ಸುರಕ್ಷಾ ದೀಪವನ್ನು ರಚಿಸಿದನು. ಮೀಥೇನ್ ಇದ್ದೆಡೆ ಆ ಜ್ವಾಲೆಯ ಮೇಲೆ ನೀಲಿ ಟೋಪಿಯೊಂದು ಕಾಣುತ್ತಿತ್ತು. ಬೆಳಕು ಕೊಡುವ ದೀಪವೇ ಹೀಗೆ ಅನಿಲಸೂಚಕವೂ ಆಯಿತು.

ಆದರೆ 1896ರಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತಾಗ, ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಶವಗಳನ್ನು ಪರೀಕ್ಷಿಸಿ ಬೇರೊಂದು ಸಂಗತಿಯನ್ನು ಕಂಡನು. ಬಹುಪಾಲು ಜನ ಸತ್ತದ್ದು ಸ್ಫೋಟದ ಹೊಡೆತದಿಂದಲ್ಲ, ಅದರ ಬೆನ್ನಿಗೇ ಹರಡಿದ ಕಾರ್ಬನ್ ಮಾನಾಕ್ಸೈಡಿನಿಂದ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಎಂದಿನಂತೆ ಉರಿಯುತ್ತಿರುತ್ತದೆ!

ಪುಟ್ಟ ಪ್ರಾಣಿಗಳ ಉಸಿರಾಟ ಶೀಘ್ರವಾದುದರಿಂದ ಅವುಗಳಿಗೆ ವಿಷ ಮೊದಲು ತಗಲುತ್ತದೆ ಎಂದು ಹಾಲ್ಡೇನ್ ತಿಳಿಸಿದನು. ಕೆನೇರಿ ಹಕ್ಕಿ ಪಂಜರದ ಕಂಬಿಯಿಂದ ಉರುಳಿದರೆ ಜನ ಹೊರಗೋಡಬೇಕು. 1911ರಿಂದ ಬ್ರಿಟಿಷ್ ಗಣಿಗಳಲ್ಲಿ ಇದು ವಾಡಿಕೆಯಾಯಿತು. ಉರುಳಿದ ಹಕ್ಕಿಗೆ ಮರಳಿ ಉಸಿರು ಕೊಡಲು ಆಮ್ಲಜನಕದ ಸೀಸೆಯುಳ್ಳ ಪಂಜರವೂ ಬಂದಿತು. 1986ರಲ್ಲಿ ಹಕ್ಕಿಗಳಿಗೆ ವಿರಾಮ ಘೋಷಿಸಿ, ಕೈಯಲ್ಲಿ ಹಿಡಿಯುವ ವಿದ್ಯುನ್ಮಾನ ಯಂತ್ರಗಳನ್ನು ತರಲಾಯಿತು.

ಇಂಥ ಯಂತ್ರ ಈಗ ಅಂಗಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದು. ಅನಿಲವು ತೆಳುಪೊರೆಯ ಮೂಲಕ ಒಳಹೊಕ್ಕು ವಿದ್ಯುದ್ದಂಡವನ್ನು ಮುಟ್ಟಿ ರಾಸಾಯನಿಕ ಕ್ರಿಯೆಗೆ ಒಳಗಾಗುತ್ತದೆ. ಅನಿಲ ಹೆಚ್ಚಿದಂತೆ ವಿದ್ಯುತ್ ಪ್ರವಾಹವೂ ಹೆಚ್ಚುತ್ತದೆ. ಮಿತಿ ಮೀರಿದರೆ ಯಂತ್ರ ಕೂಗುತ್ತದೆ, ಮಿನುಗುತ್ತದೆ, ನಡುಗುತ್ತದೆ.

ಆದರೆ ಒಂದು ಎಚ್ಚರ. ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರವನ್ನು ನಂಬಿ ಮಲಕುಂಡಕ್ಕೆ ಇಳಿಯುವಂತಿಲ್ಲ. ಅಲ್ಲಿನ ಶತ್ರು ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗವಾದಾಗ ಮೂಗನ್ನೇ ಮಂಕುಗೊಳಿಸುತ್ತದೆ. ವಾಸನೆ ಹೋಯಿತೆಂದು ನೆಮ್ಮದಿಪಡುವ ಹೊತ್ತಿಗೆ ಅಪಾಯ ಬೆಳೆದಿರುತ್ತದೆ. ಆಮ್ಲಜನಕದ ಕೊರತೆಯೂ ಅಲ್ಲಿರಬಹುದು. ಆದುದರಿಂದ ಯಾವ ಅನಿಲವೆಂದು ತಿಳಿಯದ ಎಡೆಗೆ ಹಲವು ಅನಿಲಗಳನ್ನು ಅಳೆಯುವ ಯಂತ್ರವೇ ಬೇಕು. ಪ್ರತಿದಿನವೂ ಅದನ್ನು ಪರೀಕ್ಷಿಸಿರಬೇಕು.

ರಕ್ಷಣಾ ಸಾಧನಗಳಿಲ್ಲದೆ ಜನರನ್ನು ಒಳಚರಂಡಿಗಳಿಗೆ ಇಳಿಸುವುದನ್ನು ನಮ್ಮ ದೇಶದಲ್ಲಿ 2013ರ ಕಾಯಿದೆ ನಿಷೇಧಿಸಿದೆ. ಆದರೂ ಜನ ಇಳಿದು ಸತ್ತಿದ್ದಾರೆ. ಬಿದ್ದವನನ್ನು ಎತ್ತಲು ಹೋದ ಎರಡನೆಯವನೂ ಅದೇ ಗಾಳಿಯನ್ನು ಉಸಿರಾಡಿ ಬಿದ್ದಿದ್ದಾನೆ. ಗಣಿಯ ಹಕ್ಕಿಗಾದರೂ ಆಮ್ಲಜನಕದ ಸೀಸೆಯಿತ್ತು. ನಿಮ್ಮ ಮನೆಯ ಗುಂಡಿಯನ್ನು ಶುಚಿಮಾಡಿಸುವ ದಿನ ಯಂತ್ರವನ್ನೇ ಕರೆಸಿರಿ, ಮನುಷ್ಯನನ್ನು ಇಳಿಸದಿರಿ.