ಬೆರಕೆಯ ಬಲ, ಕಳಿಯುವ ಗುಣ: ಸೂಡಿಯ ಹಿನ್ನೆಲೆಯಲ್ಲಿ ಜೈವಿಕ ಪ್ಲಾಸ್ಟಿಕ್ಕಿನ ಇತಿಹಾಸ

ಗದಗ ಜಿಲ್ಲೆಯ ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಂತೆಯೇ ಟಂಕಸಾಲೆಯನ್ನು ಹೊಂದಿದ್ದ ಪಟ್ಟಣ. ಅಪ್ಪಟ ಚಿನ್ನ ಮೆದುವಾದುದು; ಬೆಳ್ಳಿ ತಾಮ್ರಗಳು ಬೆರೆತರೆ ಗಡಸಾಗುತ್ತದೆ, ಆದರೆ ಶುದ್ಧತೆ ಕುಂದುತ್ತದೆ. ಒಂದು ಗುಣವನ್ನು ಪಡೆಯಲು ಇನ್ನೊಂದನ್ನು ತೆರಬೇಕೆಂಬ ಅಕ್ಕಸಾಲೆಯ ಈ ತಿಳಿವು, ಮಣ್ಣಿನಲ್ಲಿ ಕಳಿಯಬಲ್ಲ ಪ್ಲಾಸ್ಟಿಕ್ಕಿನ ಸಂಶೋಧನೆಗೂ ಅನ್ವಯಿಸುತ್ತದೆ.

ಈ ಪ್ಲಾಸ್ಟಿಕ್ಕುಗಳ ಇತಿಹಾಸ ಹೊಸದಲ್ಲ. ಬ್ಯಾಕ್ಟೀರಿಯಾಗಳು ತಮ್ಮೊಡಲಲ್ಲಿ ಕೂಡಿಡುವ ಪಾಲಿಯೆಸ್ಟರನ್ನು ಫ್ರಾನ್ಸಿನ ಮೋರಿಸ್ ಲೆಮ್ವಾನ್ 1920ರ ದಶಕದಲ್ಲಿಯೇ ಗುರುತಿಸಿದನು. 1930ರ ದಶಕದ ಆರಂಭದಲ್ಲಿ ಅಮೆರಿಕದ ವ್ಯಾಲೇಸ್ ಕರೋದರ್ಸ್ ಲ್ಯಾಕ್ಟಿಕ್ ಆಮ್ಲದಿಂದ ಪಾಲಿಮರನ್ನು ಪಡೆದನು. ಆದರೆ ಮೆಕ್ಕೆಜೋಳದ ಸಕ್ಕರೆಯಿಂದ ಪಾಲಿಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಬೃಹತ್ ಕಾರ್ಖಾನೆ ನೆಬ್ರಾಸ್ಕಾದಲ್ಲಿ ತಲೆಯೆತ್ತಿದ್ದು 2002ರ ಹೊತ್ತಿಗೆ.

ಪಾಲಿಲ್ಯಾಕ್ಟಿಕ್ ಆಮ್ಲವು ಗಡಸಾದುದು, ಆದರೆ ಪೆಡಸು. ಎಳೆದರೆ ಹಿಗ್ಗದೆ ಮುರಿಯುತ್ತದೆ. ಆದ್ದರಿಂದ 1998ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ ಮಾರುಕಟ್ಟೆಗೆ ತಂದ, ರಬ್ಬರಿನಂತೆ ಹಿಗ್ಗುವ ಪಿಬಿಎಟಿ ಎಂಬ ಪಾಲಿಯೆಸ್ಟರನ್ನು ಅದರೊಡನೆ ಬೆರೆಸುವ ಪದ್ಧತಿ ಬೆಳೆಯಿತು. ಇವೆರಡೂ ಎಣ್ಣೆನೀರಿನಂತೆ ತಾವಾಗಿ ಕೂಡುವುದಿಲ್ಲ. ಎರಡರ ಸರಪಳಿಗಳನ್ನೂ ಹಿಡಿದು ಬೆಸೆಯುವ ಮೂರನೆಯ ದ್ರವ್ಯ ಬೇಕು. ಆಗ ಬೆರಕೆ ಗಟ್ಟಿಯಾಗುತ್ತದೆ. ಪಿಷ್ಟ ಸೇರಿಸಿದರೆ ಸೂಕ್ಷ್ಮಜೀವಿಗಳಿಗೆ ಆಹಾರ ದೊರೆತು ಕಳಿಯುವಿಕೆ ತ್ವರೆಗೊಳ್ಳುತ್ತದೆ. ಆದರೆ ಚೀಲ ನೀರು ಹೀರಿ ಬಲ ಕಳೆದುಕೊಳ್ಳುತ್ತದೆ.

ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ರಾಷ್ಟ್ರವ್ಯಾಪಿ ನಿಷೇಧ ಜಾರಿಗೆ ಬಂದಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹರಳೆಣ್ಣೆ ಹಾಗೂ ಬೆಳೆಯ ಕೂಳೆಯಿಂದ ತೆಗೆದ ಸೆಲ್ಯುಲೋಸಿನಿಂದ ಪಾಲಿಯುರೆಥೇನ್ ವರ್ಗದ ಹಾಳೆಗಳನ್ನು ರೂಪಿಸಿದ ವರದಿ ಪ್ರಕಟವಾಯಿತು. ಸೆಲ್ಯುಲೋಸ್ ಹೆಚ್ಚಿದರೆ ಬಿಗುವು, ಎಣ್ಣೆ ಹೆಚ್ಚಿದರೆ ಬಾಗುವಿಕೆ. ಪಾಲಿಯೆಸ್ಟರ್ ಅಲ್ಲದಿದ್ದರೂ ಇಲ್ಲಿಯೂ ನಿರ್ಣಾಯಕವಾದುದು ಬೆರಕೆಯ ಪ್ರಮಾಣವೇ.

ಇಷ್ಟಾದರೂ ‘ಕಳಿಯುತ್ತದೆ’ ಎಂಬ ಮಾತಿಗೆ ಒಂದು ಷರತ್ತಿದೆ. ಗೊಬ್ಬರವಾಗುವ ಪ್ಲಾಸ್ಟಿಕ್ಕನ್ನು ಮಾನಕ ವಿಧಾನದಲ್ಲಿ ಪರೀಕ್ಷಿಸುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, 180 ದಿನಗಳ ಅವಧಿಯೊಳಗೆ. ಹಳ್ಳಿಯ ತಿಪ್ಪೆಯ ಒಡಲು ಆಗೀಗ ಕಾವೇರಿದರೂ ಆ ಶಾಖ ತಿಂಗಳುಗಟ್ಟಲೆ ಸಮನಾಗಿ ನಿಲ್ಲದು. ಸೂಡಿಯ ನಾಗಕುಂಡದಂತಹ 11ನೆಯ ಶತಮಾನದ ಪುಷ್ಕರಣಿಯ ತಣ್ಣನೆಯ ಹೂಳಿನಲ್ಲಂತೂ ಪಾಲಿಲ್ಯಾಕ್ಟಿಕ್ ಆಮ್ಲ ವರ್ಷಗಟ್ಟಲೆ ಉಳಿಯಬಲ್ಲದು. ಆದ್ದರಿಂದ ಬೆರಕೆಯ ಯೋಗ್ಯತೆಯನ್ನು ಪ್ರಯೋಗಾಲಯದ ಶಾಖದಲ್ಲಿ ಮಾತ್ರವಲ್ಲದೆ ಎರೆಮಣ್ಣಿನ ಹೊಲದಲ್ಲಿ, ಬಾವಿಯ ನೀರಿನಲ್ಲಿಯೂ ಒರೆಗೆ ಹಚ್ಚಬೇಕಾಗುತ್ತದೆ. ನಾಣ್ಯದ ಬೆಲೆ ಟಂಕಸಾಲೆಯಲ್ಲಿ ಅಚ್ಚಾದರೂ ಅದು ಸಾಬೀತಾಗುತ್ತಿದ್ದುದು ಸಂತೆಯಲ್ಲಿಯೇ.