ಬದಲಿ ಹೃದಯವನ್ನು ಉಳಿಸಿದವರು

1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬರ ಹೃದಯವನ್ನು ಇನ್ನೊಬ್ಬರ ಎದೆಗೆ ಜೋಡಿಸಿದರು. ರೋಗಿ ಲೂಯಿ ವಾಷ್ಕಾನ್‌ಸ್ಕಿ ಬದುಕಿದ್ದು 18 ದಿನ. ಕಸಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಟ್ಟ ಔಷಧಗಳು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸಿದ್ದವು. ನ್ಯುಮೋನಿಯಾ ಅವರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಜಗತ್ತಿನಾದ್ಯಂತ ನೂರಕ್ಕೂ ಹೆಚ್ಚು ಕಸಿಗಳಾದವು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ ಕೂಡ ಪ್ರಯತ್ನಿಸಿದರು. ಬಹುಪಾಲು ರೋಗಿಗಳು ಬೇಗನೆ ತೀರಿಕೊಂಡರು, ಆಸ್ಪತ್ರೆಗಳು ಒಂದೊಂದಾಗಿ ಕೈಬಿಟ್ಟವು. ಹೃದಯ ಕಸಿ ಸಾಹಸದಿಂದ ಚಿಕಿತ್ಸೆಯಾಗಿ ಬೆಳೆದದ್ದು ಆಮೇಲಿನ, ಪತ್ರಿಕೆಗಳು ಮರೆತ ದಶಕದಲ್ಲಿ ಎಂಬುದು ನನ್ನ ವಾದ.

ಕೈಬಿಡದವರಲ್ಲಿ ಮುಖ್ಯರು ಅಮೆರಿಕದ ಸ್ಟ್ಯಾನ್‌ಫರ್ಡಿನ ನಾರ್ಮನ್ ಶಮ್ವೇ. ಅಲ್ಲಿ 1970ರ ದಶಕದ ಆರಂಭದಲ್ಲಿ ಫಿಲಿಪ್ ಕೇವ್ಸ್ ಒಂದು ತೆಳ್ಳನೆಯ ಚಿಮಟ ರೂಪಿಸಿದರು. ಕುತ್ತಿಗೆಯ ರಕ್ತನಾಳದಿಂದ ಅದನ್ನು ಇಳಿಸಿ, ಎಕ್ಸ್-ರೇ ಪರದೆಯಲ್ಲಿ ದಾರಿ ನೋಡುತ್ತ ಹೃದಯದ ಬಲ ಕುಹರ ಮುಟ್ಟಿ, ಎಳ್ಳಿನ ಕಾಳಿನಷ್ಟು ಸ್ನಾಯು ಚಿವುಟಿ ತರುವುದು. ಮಾರ್ಗರೆಟ್ ಬಿಲಿಂಗ್‌ಹ್ಯಾಮ್ ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಸ್ನಾಯುವಿನ ಎಳೆಗಳ ನಡುವೆ ಬಿಳಿ ರಕ್ತಕಣಗಳು ಎಷ್ಟು ನುಗ್ಗಿವೆ, ಎಳೆಗಳು ಎಷ್ಟು ಹಾಳಾಗಿವೆ ಎಂದು ನೋಡಿ ತಿರಸ್ಕಾರದ ಹಂತ ಹೇಳಿದರು. ರೋಗಿ ಕುಸಿಯುವ ಮೊದಲೇ ಅಪಾಯ ಕಾಣುವಂತಾಯಿತು. ಆ ನುಗ್ಗಾಟದ ಹಿಂದೆ ರಾಸಾಯನಿಕ ಸಂಕೇತಗಳಿದ್ದವು. ಪರಕೀಯ ಅಂಗಾಂಶ ಕಂಡ ಟಿ-ಕೋಶ ಎಂಬ ಬಿಳಿ ರಕ್ತಕಣ ಇಂಟರ್‌ಲ್ಯೂಕಿನ್-2 ಎಂಬ ಸಂಕೇತವನ್ನು ಸ್ರವಿಸುತ್ತದೆ, ಅದರ ಬಲದಿಂದ ಟಿ-ಕೋಶಗಳು ಬೆಳೆದು ದಂಡಾಗುತ್ತವೆ. ಬಾಸೆಲ್‌ನ ಸ್ಯಾಂಡೋಜ್ ಕಂಪನಿ ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಪಡೆದ ಸೈಕ್ಲೊಸ್ಪೊರಿನ್ ಈ ಸ್ರಾವವನ್ನೇ ತಡೆಯುತ್ತಿತ್ತು. 1980ರ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ಅದನ್ನು ಹೃದಯ ಕಸಿಗೆ ಬಳಸಿತು, 1983ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು, ಬೇರೆಡೆ ನಿಂತುಹೋಗಿದ್ದ ಕಸಿಗಳು ಮತ್ತೆ ಶುರುವಾದವು.

ಇದೆಲ್ಲ ಅದೃಷ್ಟ, ಔಷಧ ಎಲ್ಲಿ ನಾಟುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ ಎನ್ನಬಹುದು. ನಿಜ, ಅದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆಂದು ತಿಳಿದದ್ದು 1991ರಲ್ಲಿ. ಆದರೆ ಚಿಮಟದ ಸಾಕ್ಷ್ಯವಿಲ್ಲದಿದ್ದರೆ ಆ ಔಷಧದ ಪ್ರಮಾಣವನ್ನೂ ಊಹೆಯಿಂದಲೇ ಕೊಡಬೇಕಿತ್ತು. ಬರ್ನಾರ್ಡರ ಧೈರ್ಯವಿಲ್ಲದೆ ಏನೂ ಆಗುತ್ತಿರಲಿಲ್ಲ ಎಂಬ ಮಾತೂ ಉಂಟು. ಧೈರ್ಯ ದೊಡ್ಡದೇ, ಆದರೆ ಅವರು ಅನುಸರಿಸಿದ ಹೊಲಿಗೆಯ ವಿಧಾನವನ್ನು ಶಮ್ವೇ ಮತ್ತು ರಿಚರ್ಡ್ ಲೋವರ್ 1960ರಲ್ಲೇ ನಾಯಿಗಳಲ್ಲಿ ಸಾಧಿಸಿದ್ದರು. ಭಾರತದ ಕಥೆಯೂ ಇದನ್ನೇ ಹೇಳುತ್ತದೆ: ಸೇನ್ ಅವರಿಗೆ ಕೌಶಲದ ಕೊರತೆ ಇರಲಿಲ್ಲ, ಆದರೂ ಪಿ. ವೇಣುಗೋಪಾಲ್ ದೆಹಲಿಯ ಏಮ್ಸ್‌ನಲ್ಲಿ ಯಶಸ್ವಿ ಕಸಿ ನಡೆಸಿದ್ದು 1994ರ ಆಗಸ್ಟ್ 3ರಂದು, ಔಷಧವೂ ಮಿದುಳು ಸಾವನ್ನು ಒಪ್ಪುವ ಕಾನೂನೂ ಒದಗಿದ ಮೇಲೆ. ಇಂದು ಕಸಿಯಾದವರು ಜೀವನಪೂರ್ತಿ ನುಂಗುವ ಟ್ಯಾಕ್ರೊಲಿಮಸ್ ಕೂಡ ತಡೆಯುವುದು ಅದೇ ಕ್ಯಾಲ್ಸಿನ್ಯೂರಿನನ್ನು.